ಅತ್ತೆಯ ಕೋಣೆಯ ಗೋಡೆ

ಮುಂಬಯಿ
9 ಜೂನ್ 1986

ಪ್ರೀತಿಯ ಮಂದಾ,

ನಿನ್ನ ಸಿಟ್ಟು ಇಳಿದಿರಬಹುದೆಂದು ನಂಬಿ ಬರೆಯುತ್ತಿದ್ದೇನೆ. ಇಳಿದಿರದಿದ್ದರೂ, ಒಲೆಗೆ ಹಾಕುವ ಮೊದಲು ಇದನ್ನು ಅಮ್ಮನಿಗೆ ಒಮ್ಮೆ ಓದಿ ಹೇಳು. ಮಗ ಬರೆಯುವುದೇ ಇಲ್ಲ ಎಂದು ಆಕೆ ಮನೆಗೆ ಬಂದವರೆದುರೆಲ್ಲ ಹೇಳುತ್ತಾಳಂತೆ.

ಒಂದು ಸಂತೋಷದ ಸುದ್ದಿ. ಹೈದರಾಬಾದಿನ ನಮ್ಮ ಮಂದಿ ಬರ್ಕತ್‌ಪುರದಲ್ಲಿ ಆರಾಧನೆ, ಮುಂಜಿವೆ, ಮದುವೆಗಳಿಗೆಂದು ಊಟದ ದೊಡ್ಡ ಸಭಾಂಗಣ ಕಟ್ಟಿಸುತ್ತಿದ್ದಾರೆ. ಟ್ರಸ್ಟಿನ ಅಧ್ಯಕ್ಷರು ಹನುಮಂತರಾಯರು, ನಿನ್ನ ಅಪ್ಪನ ಜೊತೆ ಇಸ್ಪೀಟು ಆಡುತ್ತಿದ್ದವರು. ಕೆಲಸ ನನಗೆ ಸಿಕ್ಕಿದೆ. ಪತ್ರಿಕೆಯಲ್ಲಿ ಬಂದ ಗೋಡೆಯ ಫೋಟೋ ನೋಡಿ, ನಮಗೂ ಇಂಥದ್ದೇ ಬೇಕು ಎಂದರಂತೆ. ಅದು ನೀನು ಅಮ್ಮನ ಕೋಣೆಗೆ ಮಾಡಿದ ಗೋಡೆ ಎಂಬುದನ್ನು ನಾನು ಮರೆತಿಲ್ಲ. ಸಂಪಾದಕರಿಗೆ ನಿನ್ನ ಹೆಸರನ್ನೂ ಹೇಳಿದ್ದೆ. ಜಾಗ ಸಾಲದೆ ಕತ್ತರಿಸಿದರು. ಪತ್ರಿಕೆಯವರ ಕಥೆ ನಿನಗೆ ಗೊತ್ತಿದ್ದದ್ದೇ.

ಮಂದಾ, ಇಲ್ಲಿ ಎಲ್ಲರೂ ಕಣ್ಣಿಗಾಗಿ ಕಟ್ಟುತ್ತಾರೆ. ಗಾಜು, ಕಾಂಕ್ರೀಟು, ಮುಗಿಯಿತು. ನಾನು ಅಂಗೈಗಾಗಿ, ಕಿವಿಗಾಗಿ ಕಟ್ಟಬೇಕೆಂದಿದ್ದೇನೆ. ಕಣ್ಣು ಮುಚ್ಚಿದರೂ ಗೊತ್ತಾಗುವ ಕಟ್ಟಡ. ನಮ್ಮ ಗೋಡೆಯನ್ನು ಅಷ್ಟು ದೊಡ್ಡದಾಗಿ ಮಾಡಿದರೆ ಹೇಗಿರುತ್ತದೆ, ಯೋಚಿಸು. ಅದನ್ನು ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಬರೆದು ಕಳಿಸುತ್ತೀಯಾ?

ನಿನ್ನ,
ಪ್ರಹ್ಲಾದ

ಕುಷಾಯಿಗೂಡ
20 ಜೂನ್ 1986

ಮುಂಬಯಿಯ ಪ್ರಸಿದ್ಧ ವಾಸ್ತುಶಿಲ್ಪಿಗಳಾದ ಪ್ರಹ್ಲಾದರಾಯರಿಗೆ,

ತಮ್ಮ ಪತ್ರ ತಲುಪಿತು. ತಮ್ಮ ಮಾತೃಶ್ರೀಯವರಿಗೆ ಓದಿ ಹೇಳಿದೆ. ಒಲೆಗೆ ಹಾಕಲಿಲ್ಲ, ನಮ್ಮದು ಗ್ಯಾಸಿನ ಒಲೆ.

‘ಕಣ್ಣು ಮುಚ್ಚಿದರೂ ಗೊತ್ತಾಗುವ ಕಟ್ಟಡ’ ಎಂಬ ಮಾತು ಬಹಳ ಚೆನ್ನಾಗಿದೆ. ಅದು ನನ್ನ ಮಾತು. ಹೋದ ವರ್ಷ ಕ್ಯಾಮರಾ ಹಿಡಿದುಕೊಂಡು ಬಂದಾಗ ಚಹದಲ್ಲಿ ಉಸ್ಮಾನಿಯಾ ಬಿಸ್ಕೀಟು ಅದ್ದುತ್ತ ತಾವು ಅದನ್ನು ಕೇಳಿಸಿಕೊಂಡಿರಿ. ಬಿಸ್ಕೀಟೂ ಹೋಯಿತು, ಮಾತೂ ಹೋಯಿತು.

ಸಾಕು ಈ ‘ತಾವು’. ಸರಿಯಾಗಿ ಬೈಯಲು ಬರುವುದಿಲ್ಲ.

‘ನಮ್ಮ ಗೋಡೆ’ ಎಂದು ಬರೆದಿದ್ದೀಯಲ್ಲ, ಅದು ಹೇಗೆ ಆಯಿತೆಂದು ನಿನಗೆ ಗೊತ್ತೇ? ಮುಂಬಯಿಯಲ್ಲಿ ಮನೆ ಸಿಕ್ಕ ಕೂಡಲೇ ಅಮ್ಮನನ್ನು ಕರೆಸಿಕೊಳ್ಳುತ್ತೇನೆ ಎಂದು ಹೇಳಿ, ನನ್ನನ್ನು ಬೆಳೆಸಿದ ಸೋದರತ್ತೆಯನ್ನು ನಮ್ಮ ಮನೆಯಲ್ಲೇ ಬಿಟ್ಟು ನೀನು ಹೋದೆ. ಮನೆ ಸಿಕ್ಕಿತು, ಕರೆ ಬರಲಿಲ್ಲ. ಅಷ್ಟರಲ್ಲಿ ಅತ್ತೆಯ ಕಣ್ಣು ಪೂರ್ತಿ ಹೋಯಿತು. ಬಚ್ಚಲಿಗೆ ಹೋಗುವಾಗ ಎರಡು ಸಲ ಬಿದ್ದಳು. ನಾನು ಕೈ ಹಿಡಿಯಲು ಹೋದರೆ, “ಮಡೀಲಿದ್ದೀನಿ, ಮುಟ್ಟಬ್ಯಾಡ” ಎಂದು ಹಿಂದೆ ಸರಿಯುತ್ತಿದ್ದಳು. ಮನುಷ್ಯರು ಮುಟ್ಟಬಾರದು ಎಂದಾದರೆ ಗೋಡೆಯೇ ಆಕೆಯನ್ನು ಕರೆದುಕೊಂಡು ಹೋಗಲಿ ಎಂದು ನಾನು ಹಿತ್ತಲಿನಲ್ಲಿ ಸುಣ್ಣ ಕಲಸಲು ಕೂತೆ. ಅಪ್ಪನ ಕಾರ್ಖಾನೆಯವರು ಎಸೆಯುವ ಅಭ್ರಕದ ಚೂರು, ಅಮೃತಶಿಲೆಯ ಪುಡಿ, ಗಾಜಿನ ಪುಡಿ, ಸಿಕ್ಕಿದ್ದನ್ನೆಲ್ಲ ಬೆರೆಸಿ ನೋಡಿದೆ. ಓಣಿಯವರು ನನಗೆ ತಲೆ ಕೆಟ್ಟಿದೆ ಎಂದರು.

ಈಗ ಹಾಸಿಗೆಯಿಂದ ದೇವರ ಮನೆಯವರೆಗೆ ಗೋಡೆ ನುಣ್ಣಗೆ, ತಣ್ಣಗೆ ಇದೆ. ಬಚ್ಚಲಿನ ಕಡೆಗೆ ತಿರುಗಿದರೆ ಅಂಗೈಗೆ ಒರಟು ಹತ್ತುತ್ತದೆ. ಅಡಿಗೆಮನೆಯ ಬದಿಗೆ ಗೋಡೆಯೊಳಗೆ ಮಣ್ಣಿನ ಗಡಿಗೆ ಕೂರಿಸಿದ್ದೇನೆ, ಬೆರಳಿನಿಂದ ಬಡಿದರೆ ದಪ್ಪ ದನಿ ಬರುತ್ತದೆ. ದೇವರ ಗೂಡಿನ ಕೆಳಗೆ ಲಾವಂಚ. ಆಕೆ ಈಗ ಯಾರನ್ನೂ ಕೇಳದೆ ತಿರುಗುತ್ತಾಳೆ. ನನ್ನ ಜನ್ಮದಲ್ಲಿ ನಾನು ಮಾಡಿದ ಒಂದು ಒಳ್ಳೆಯ ಕೆಲಸ ಅದು, ಅದರ ಕೆಳಗೆ ನಿನ್ನ ಹೆಸರು ಅಚ್ಚಾಯಿತು.

ಬಗೆ ಬೇಕೇ? ಕೊಡುತ್ತೇನೆ. ಆದರೆ ಸಭಾಂಗಣದ ಕಲ್ಲಿನ ಮೇಲೆ ನನ್ನ ಹೆಸರು ಬರಬೇಕು. ನಿನ್ನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ.

ಮಂದಾಕಿನಿ

ಮುಂಬಯಿ
3 ಜುಲೈ 1986

ಪ್ರೀತಿಯ ಮಂದಾ,

ನಿನ್ನ ಪತ್ರ ಓದಿ ನಕ್ಕೆ, ಆಮೇಲೆ ಕೆಡುಕೆನಿಸಿತು. ನಿನ್ನ ಸಿಟ್ಟು ಗೋಡೆಯದ್ದಲ್ಲ ಎಂದು ನನಗೆ ಗೊತ್ತು. ಹಿರಿಯರು ಸಣ್ಣಂದಿನಲ್ಲಿ ಆಡಿಟ್ಟ ಮದುವೆಯ ಮಾತನ್ನು ನಾನು ಮುರಿದೆ, ನೀನು ಹಾಗೇ ಉಳಿದುಬಿಟ್ಟೆ. ಅದಕ್ಕೆ ನಾನು ಏನು ಹೇಳಿದರೂ ಕಡಿಮೆಯೇ. ಕಾಲವೇ ಮರೆಸಬೇಕು.

ಹೆಸರಿನ ವಿಷಯ ಅಷ್ಟು ದೊಡ್ಡದೇ? ಖಂಡಿತ ಹಾಕಿಸುತ್ತೇನೆ. ಹನುಮಂತರಾಯರಿಗೆ ನಾನೇ ಹೇಳುತ್ತೇನೆ. ನೀನು ಕೆಲಸ ಶುರುಮಾಡಿಸು. ನಾನು ತಿಂಗಳಿಗೊಮ್ಮೆ ವಿಮಾನದಲ್ಲಿ ಬಂದು ನೋಡಿಕೊಂಡು ಹೋಗುತ್ತೇನೆ.

ನಿನ್ನ,
ಪ್ರಹ್ಲಾದ

ಕುಷಾಯಿಗೂಡ
30 ಆಗಸ್ಟ್ 1986

ಪ್ರಹ್ಲಾದ,

ಮದುವೆಯ ವಿಷಯ ತೆಗೆದೆಯಲ್ಲ, ಒಂದು ಮಾತು ಹೇಳಿ ಮುಗಿಸುತ್ತೇನೆ. ನೀನು ಬೇರೆ ಹುಡುಗಿಯನ್ನು ಮೆಚ್ಚಿದ ಸುದ್ದಿ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ನಾನು ಎರಡು ಹೆಚ್ಚಿಗೆ ತಿಂದೆ. ನಿನಗಾಗಿ ಯಾರೋ ಕೊರಗುತ್ತಿದ್ದಾಳೆ ಎಂದುಕೊಂಡರೆ ನಿನಗೆ ನಿದ್ದೆ ಚೆನ್ನಾಗಿ ಬರುತ್ತದೆ, ಅಷ್ಟೇ. ನನಗೆ ಗೋಡೆಯೇ ಮುಖ್ಯ.

ಮಹಬೂಬ್ ಸಾಹೇಬರನ್ನು ಕೆಲಸಕ್ಕೆ ಹಚ್ಚಿದ್ದೇನೆ. ಹಳೇ ಊರಿನ ಗಚ್ಚಿನ ಮೇಸ್ತ್ರಿ, ಅವರ ಅಪ್ಪ ನವಾಬರ ದೇವಡಿ ಬಂಗಲೆಗಳ ಗೋಡೆ ಮಾಡುತ್ತಿದ್ದವರು. ಒಳಗಿನ ಪದರು ಮುಗಿಯುತ್ತ ಬಂದಿದೆ. ಪಂಗ್ತಿ ಕೂತಾಗ ಏಳುವ ಗದ್ದಲವನ್ನು ಗೋಡೆಯೊಳಗಿನ ಗಡಿಗೆಗಳು ನುಂಗುತ್ತವೆ. ನೀನು ಬಂದಾಗ ನಡುವೆ ನಿಂತು ಚಪ್ಪಾಳೆ ಹೊಡೆದು ನೋಡು. ಕೈ ತೊಳೆಯುವ ಕಡೆಗೆ ಒರಟು ಪಟ್ಟಿ ಹಿಡಿಸಿದ್ದೇನೆ, ಕಣ್ಣು ಮಂದವಾದ ಮುದುಕರು ಯಾರ ಹಂಗೂ ಇಲ್ಲದೆ ಹೋಗಬಹುದು.

ಹೊಳಪು ಕೊಡುವ ಕೊನೆಯ ಕೈ ಬಾಕಿ. ಆ ತಂಪು, ಆ ನುಣುಪು ಬರುವುದು ಅದರಿಂದಲೇ. ಅದನ್ನು ನಾನೇ ನಿಂತು ಮಾಡಿಸುತ್ತೇನೆ, ಕೆತ್ತಿದ ಕಲ್ಲನ್ನು ಕಣ್ಣಾರೆ ನೋಡಿದ ಮೇಲೆ.

ಮಂದಾಕಿನಿ

ಮುಂಬಯಿ
12 ಡಿಸೆಂಬರ್ 1986

ಮಂದಾ,

ಚಪ್ಪಾಳೆ ಹೊಡೆದು ನೋಡಿದೆ. ಅಷ್ಟು ದೊಡ್ಡ ಸಭಾಂಗಣ ಉಸಿರು ಬಿಗಿಹಿಡಿದಂತೆ ಸುಮ್ಮನಿತ್ತು. ಹನುಮಂತರಾಯರು ಎಲ್ಲರೆದುರು ನನ್ನ ಬೆನ್ನು ಚಪ್ಪರಿಸಿದರು. ದಿಲ್ಲಿಯ ವಾಸ್ತುಶಿಲ್ಪಿಗಳ ಸಂಘಕ್ಕೂ ಸುದ್ದಿ ಮುಟ್ಟಿದೆ, ಈ ಸಭಾಂಗಣಕ್ಕಾಗಿ ಫೆಬ್ರುವರಿಯಲ್ಲಿ ನನಗೊಂದು ಪ್ರಶಸ್ತಿ ಕೊಡುತ್ತಾರಂತೆ. ನಿನ್ನ ನೆನಪಾಯಿತು.

ಒಂದು ಸಣ್ಣ ತೊಡಕು. ಕಲ್ಲು ಕೆತ್ತಿಸಿ ಆಗಿದೆ. ಅದರಲ್ಲಿ ದಾನಿಗಳು, ಟ್ರಸ್ಟಿನವರು, ವಾಸ್ತುಶಿಲ್ಪಿ, ಇಷ್ಟೇ ಇರಬೇಕೆಂದು ರಾಯರ ಅಭಿಪ್ರಾಯ. ಇನ್ನೊಂದು ಹೆಸರು ಸೇರಿಸಿದರೆ, ಅದೂ ಮದುವೆಯಾಗದ ಹೆಣ್ಣುಮಗಳದ್ದು, ಜನ ನಮ್ಮಿಬ್ಬರ ಬಗ್ಗೆ ಇಲ್ಲದ್ದನ್ನು ಆಡಿಕೊಳ್ಳಬಹುದು. ನಿನ್ನ ಮಾನದ ದೃಷ್ಟಿಯಿಂದ ನಾನೂ ಒತ್ತಾಯ ಮಾಡಲಿಲ್ಲ. ಭಾಷಣದಲ್ಲಿ ನಿನ್ನ ಸಹಾಯವನ್ನು ನೆನೆಯುತ್ತೇನೆ. ದೊಡ್ಡ ಮನಸ್ಸು ಮಾಡು, ಕೊನೆಯ ಕೈ ಮುಗಿಸಿಕೊಡು.

ಪ್ರಹ್ಲಾದ

ಕುಷಾಯಿಗೂಡ
22 ಡಿಸೆಂಬರ್ 1986

ಪ್ರಹ್ಲಾದ,

ಆಗಲಿ. ನನ್ನ ಮಾನದ ಬಗ್ಗೆ ನಿನಗಿರುವ ಕಾಳಜಿ ತಿಳಿದು ಸಂತೋಷವಾಯಿತು.

ನಾನು ಅಲ್ಲಿಗೆ ಬರುವುದಿಲ್ಲ. ಕೊನೆಯ ಕೈಯನ್ನು ಮಹಬೂಬ್ ಸಾಹೇಬರು ತಮ್ಮ ಮನೆತನದ ಪದ್ಧತಿಯಂತೆ ಮಾಡುತ್ತಾರೆ. ನೋಡಲು ಒಂದಿಷ್ಟೂ ವ್ಯತ್ಯಾಸ ಕಾಣದು. ಏನಾದರೂ ತಿಳಿಯಬೇಕಿದ್ದರೆ ಅವರನ್ನೇ ಕೇಳು.

ಮಂದಾಕಿನಿ

ಮುಂಬಯಿ
24 ಜನವರಿ 1987

ಮಂದಾ,

ನೀನು ಇಷ್ಟು ಸುಲಭವಾಗಿ ಒಪ್ಪುತ್ತೀ ಎಂದುಕೊಂಡಿರಲಿಲ್ಲ. ದೊಡ್ಡವಳಾದೆ. ನಿನ್ನೆ ಬಂದು ಗೋಡೆ ನೋಡಿದೆ. ನನ್ನ ಮುಖ ಕಾಣುವಷ್ಟು ಹೊಳಪು! ಕೆನ್ನೆ ಹಚ್ಚಿ ನಿಂತೆ, ಏನು ತಂಪು. ಕುಷಾಯಿಗೂಡಕ್ಕೆ ಬರಬೇಕೆಂದಿದ್ದೆ, ನಾಂಪಲ್ಲಿ ಎಕ್ಸಿಬಿಷನ್ನಿನ ಗದ್ದಲದಲ್ಲಿ ಕಾರು ಸಿಕ್ಕಿಕೊಂಡು ವಿಮಾನದ ಹೊತ್ತಾಯಿತು. ಅಮ್ಮನಿಗೆ ನಮಸ್ಕಾರ ತಿಳಿಸು.

ಹೊಳಪು ಕೊಡುವ ಮೊದಲು ನಿನ್ನ ಮೇಸ್ತ್ರಿ ಮುಂಬಯಿ ಆಫೀಸಿಗೆ ಫೋನು ಮಾಡಿ ಏನೋ ಕೇಳಲು ಹವಣಿಸುತ್ತಿದ್ದ. ಕಲಸುವ ಸಾಮಾನಿನ ಮಾತಿರಬೇಕು. ಮಂದಾ ಹೇಳಿದಂತೆ ಮಾಡು, ನನಗೆ ಆ ವಿವರ ಬೇಡ ಎಂದೆ. ನಿನ್ನ ಮೇಲೆ ನನಗೆ ಎಷ್ಟು ವಿಶ್ವಾಸ ನೋಡು!

ಫೆಬ್ರುವರಿ ಎಂಟಕ್ಕೆ ಉದ್ಘಾಟನೆ. ನಾನು ಬೆಳಿಗ್ಗೆ ಪೂಜೆ ಮುಗಿಸಿ, ಊಟಕ್ಕೆ ನಿಲ್ಲದೆ ದಿಲ್ಲಿಗೆ ಹೊರಡಬೇಕು. ಅದೇ ಸಂಜೆ ಪ್ರಶಸ್ತಿ. ನನ್ನ ಪರವಾಗಿ ನೀನು ಎಲ್ಲರನ್ನೂ ನೋಡಿಕೊ.

ಪ್ರಹ್ಲಾದ

ಕುಷಾಯಿಗೂಡ
9 ಫೆಬ್ರುವರಿ 1987

ಪ್ರಹ್ಲಾದ,

ನೀನು ಹೇಳಿದಂತೆ ಎಲ್ಲರನ್ನೂ ನೋಡಿಕೊಂಡೆ. ವಿವರವಾಗಿ ಬರೆಯುತ್ತೇನೆ, ಕೂತು ಓದು.

ಹೊಸ ಸಭಾಂಗಣದಲ್ಲಿ ಮೊದಲ ಪಂಗ್ತಿ. ಗಂಡಸರು ಮಡಿಯುಟ್ಟು ಒಂದು ಸಾಲು, ಹೆಂಗಸರು ಎದುರು ಸಾಲು. ಅತ್ತೆಗೆ ಜ್ವರವಿದ್ದುದರಿಂದ ಮನೆಯಲ್ಲೇ ಬಿಟ್ಟು ಬಂದಿದ್ದೆ. ಚಿತ್ರಾಹುತಿ ಆಯಿತು, ಅನ್ನ ಸಾರು ಮುಗಿದು ಹಯಗ್ರೀವ ಬಡಿಸುತ್ತಿದ್ದರು. ಹನುಮಂತರಾಯರು ಎಲೆಯ ಮುಂದೆ ಕೂತೇ ಗೋಡೆಯನ್ನು ಸವರಿದರು. “ಏನ್ ತಂಪ ಅದ ಅಂತೀನಿ! ಪ್ರಹ್ಲಾದ ಖರೇನೇ ಜಾಣ. ಇದಕ್ಕ ಏನ್ ಹಚ್ಚ್ಯಾನೋ ಯಾರಿಗ್ಗೊತ್ತು” ಎಂದರು.

ನಾನು ಎದ್ದು ನಿಂತೆ. “ನನಗ ಗೊತ್ತದ ರಾಯರ. ಕೋಳಿ ತತ್ತಿ ಹಚ್ಚ್ಯಾರ. ಸುಣ್ಣದಾಗ ತತ್ತೀ ಬಿಳಿ ಕಲಸಿ ತಿಕ್ಕಿದ್ರ ಹಿಂಗ ಹೊಳೀತದ” ಎಂದೆ.

ಗಡಿಗೆಗಳು ತಮ್ಮ ಕೆಲಸ ಮಾಡಿದವು. ಅಷ್ಟು ಜನರಿದ್ದ ಕೋಣೆಯಲ್ಲಿ ನನ್ನ ಮಾತು ಒಂದೇ ಸ್ವಚ್ಛವಾಗಿ ಕೇಳಿಸಿತು. ಮೊದಲು ಎದ್ದವರು ರಾಯರೇ. ಬಾಯೊಳಗಿನ ತುತ್ತನ್ನು ಉಗುಳಲೂ ಆಗದೆ ನುಂಗಲೂ ಆಗದೆ ಗೋಡೆ ಮುಟ್ಟಿದ ಕೈಯನ್ನು ದೂರ ಹಿಡಿದುಕೊಂಡು ನಿಂತರು. ಆಮೇಲೆ ಸಾಲಿಗೆ ಸಾಲೇ ಎದ್ದಿತು. ಗೋಡೆಗೆ ಆತು ಕೂತಿದ್ದ ಮುದುಕಿಯರು ಅಳುತ್ತ ನಲ್ಲಿಯ ಹತ್ತಿರ ಓಡಿದರು. ರಾಯರು, “ಗೊತ್ತಿದ್ದ ಮ್ಯಾಲೆ ಮೊದಲಽ ಯಾಕ ಹೇಳ್ಲಿಲ್ಲ?” ಎಂದು ಗದರಿದರು. “ಕಲ್ಲಿನ ಮ್ಯಾಲೆ ಯಾರ ಹೆಸರದ ನೋಡ್ರಿ. ಅವರನ್ನ ಕೇಳ್ರಿ. ನನ್ನ ಹೆಸರಽ ಇಲ್ಲದ ಗ್ವಾಡಿಗೆ ನಾ ಯಾಕ ಜವಾಬ ಕೊಡ್ಲಿ?” ಎಂದೆ.

ನೀನು ಆಗ ವಿಮಾನದಲ್ಲಿದ್ದೆ.

ಮಹಬೂಬ್ ಸಾಹೇಬರ ಮೇಲೆ ಯಾರೂ ಬೆರಳು ತೋರಿಸಕೂಡದು, ಅದನ್ನೂ ಅಲ್ಲೇ ಹೇಳಿದೆ. ಆ ಮನುಷ್ಯ ಕೇಳಬೇಕಾದದ್ದನ್ನು ಕೇಳಿದ್ದರು. “ಅಮ್ಮಾ, ಪಂತುಲು ಲೋಗಾಂಕಿ ಜಗಹ್ ಹೈ, ಅಂಡಾ ಚಲ್ತಾ ಕ್ಯಾ?” ಎನ್ನುತ್ತ, ಬ್ರಾಹ್ಮಣರ ಜಾಗಕ್ಕೆ ತತ್ತಿ ನಡೆದೀತೇ ಎಂದು ನನ್ನನ್ನು ಕೇಳಿದರು. ಪ್ರಹ್ಲಾದರಾಯರನ್ನು ಕೇಳಿ ಎಂದೆ. ನಿನಗೆ ಫೋನು ಮಾಡಿದರು. ತತ್ತಿ ಎನ್ನುವ ಮೊದಲೇ ನೀನು ಬಾಯಿ ಮುಚ್ಚಿಸಿದೆ. ಮತ್ತೆ ನನ್ನ ಹತ್ತಿರ ಬಂದಾಗ, ನಿಮ್ಮ ಅಪ್ಪ ಹೇಗೆ ಮಾಡುತ್ತಿದ್ದರೋ ಹಾಗೆಯೇ ಮಾಡಿ ಎಂದೆ.

ಪ್ರಶಸ್ತಿ ಭಾರವಾಗಿತ್ತೇ?

ಮಂದಾಕಿನಿ

ಮುಂಬಯಿ
14 ಫೆಬ್ರುವರಿ 1987

ಮಂದಾಕಿನಿ,

ಕಲ್ಲು ಕೀಳಿಸಿದ್ದಾರೆ. ಗೋಡೆ ಕೆತ್ತಿ ತೆಗೆಯುತ್ತಿದ್ದಾರೆ, ಶುದ್ಧಿಗೆ ಹೋಮವಂತೆ. ಹೈದರಾಬಾದಿನ ಪತ್ರಿಕೆಗಳಲ್ಲಿ ನನ್ನ ಹೆಸರಿನ ಜೊತೆ ತತ್ತಿಯ ಚಿತ್ರ ಬಂದಿದೆ. ಇಲ್ಲಿಯವರೂ ಓದಿ ನಗುತ್ತಿದ್ದಾರೆ. ನಮ್ಮ ಮಂದಿಯಲ್ಲಿ ಇನ್ನು ಯಾರೂ ನನ್ನನ್ನು ಬಾಗಿಲಿಗೂ ಸೇರಿಸುವುದಿಲ್ಲ. ಒಂದು ಹೆಸರಿಗಾಗಿ ಇಷ್ಟು ಮಾಡಿದೆಯಾ?

ನೀನು ಬಹಳ ಜಾಣೆ, ಆದರೆ ಒಂದು ಮರೆತೆ. ಅದೇ ಗೋಡೆ, ಅದೇ ತತ್ತಿ ನನ್ನ ಅಮ್ಮನ ಕೋಣೆಯಲ್ಲೂ ಇದೆ. ಮಡಿಯಲ್ಲಿ ದೇವರ ಮನೆಗೆ ಹೋಗುವ ವಿಧವೆಯನ್ನು ಇಷ್ಟು ದಿನ ತತ್ತಿಯ ಮೇಲೆ ಕೈ ಇಡಿಸಿ ನಡೆಸಿದೆಯಲ್ಲ, ಅದನ್ನು ಆಕೆಗೆ ಹೇಳಿದ್ದೆಯಾ? ನಾನು ಹೇಳಿಸುತ್ತೇನೆ. ಹನುಮಂತರಾಯರಿಗೆ ಟ್ರಂಕ್ ಕಾಲ್ ಮಾಡಿ ಎಲ್ಲವನ್ನೂ ತಿಳಿಸಿದೆ. ಅವರೇ ನಿನ್ನ ಮನೆಗೆ ಬರುತ್ತಾರೆ. ನನ್ನದು ಒಂದು ಸಭಾಂಗಣ ಹೋಯಿತು. ನಿನ್ನದು ಏನು ಹೋಗುತ್ತದೆ ನೋಡು.

ಪ್ರಹ್ಲಾದ

ಕುಷಾಯಿಗೂಡ
2 ಮಾರ್ಚ್ 1987

ಪ್ರಹ್ಲಾದ,

ಹನುಮಂತರಾಯರು ಬಂದಿದ್ದರು. ಅಂಗಳದಲ್ಲೇ ನಿಂತು, ನೀನು ಹೇಳಿಸಿದ್ದನ್ನು ಅತ್ತೆಗೆ ಹೇಳಿದರು. ಆಗ ಆಕೆ ಗೋಡೆ ಹಿಡಿದು ದೇವರ ಮನೆಗೆ ಹೊರಟಿದ್ದಳು. ಕೆಂಡ ಮುಟ್ಟಿದಂತೆ ಕೈ ತೆಗೆದಳು. ಕೋಣೆಯ ನಡುವೆ, ಹಿಡಿಯಲು ಏನೂ ಇಲ್ಲದ ಕಡೆ ಎರಡೂ ಕೈ ಎದೆಗೆ ಒತ್ತಿಕೊಂಡು ನಿಂತಳು. ನನ್ನನ್ನು ಹತ್ತಿರ ಬರಗೊಡಲಿಲ್ಲ. ಆಕೆಯನ್ನು ಹಾಗೆ ನೋಡಿದ ಮೇಲೆ ನಿನ್ನ ಕತ್ತು ಹಿಸುಕಬೇಕೆನಿಸಿತು.

ಈಗ ನಿನಗೆ ಗೊತ್ತಿಲ್ಲದ ವಿಷಯ ಕೇಳು. ಈ ಮನೆಯ ಗೋಡೆಯಲ್ಲಿ ತತ್ತಿ ಇಲ್ಲ. ತತ್ತಿ ಹಾಕಿ ಹೊಳಪು ಬರಿಸುವುದು ಹಳೇ ಊರಿನ ಯಾವ ಮೇಸ್ತ್ರಿಗಾದರೂ ಬರುತ್ತದೆ. ಅದರಲ್ಲಿ ನಾನು ಕಂಡುಹಿಡಿಯುವಂಥದ್ದು ಏನಿತ್ತು? ಅತ್ತೆ ಮಡಿಯವಳು. ತತ್ತಿ ಬಿಟ್ಟು ಅದೇ ಹೊಳಪು ಬರಬೇಕಿತ್ತು. ಬಿಲ್ವದ ಕಾಯಿಯ ತಿರುಳು ಹಾಕಿದೆ, ಹಳದಿ ಬಿತ್ತು. ಬೆಲ್ಲದ ನೀರು ಹಾಕಿದೆ, ಇರುವೆ ಹತ್ತಿದವು. ಕೊನೆಗೆ ಪಕ್ಕದ ಮನೆಯ ಸಾವಿತ್ರಿ, ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಗುಳಿಗೆ ಒಡೆಯದಂತೆ ಬೆರೆಸುವ ಒಂದು ಪುಡಿ ತಂದುಕೊಟ್ಟಳು. ಮರದ ನಾರಿನಿಂದ ಮಾಡಿದ್ದು. ಅದನ್ನು ಯಾವುದರ ಜೊತೆ, ಯಾವ ಹದದಲ್ಲಿ ಬೆರೆಸಬೇಕೆಂದು ತಿಳಿಯುವಷ್ಟರಲ್ಲಿ ನನ್ನ ಬೆರಳಿನ ಚರ್ಮವೆಲ್ಲ ಸುಣ್ಣಕ್ಕೆ ಸುಲಿದಿತ್ತು. ನನ್ನ ಗೋಡೆ ಎಂದರೆ ಆ ಹದ. ನೀನು ಫೋಟೋ ತೆಗೆದುಕೊಂಡು ಹೋದದ್ದು ಬರೀ ಹೊಳಪನ್ನು. ಕಲ್ಲಿನ ಮೇಲೆ ನನ್ನ ಹೆಸರು ಕಂಡಿದ್ದರೆ ಸಭಾಂಗಣಕ್ಕೂ ಅದನ್ನೇ ಹಾಕಿಸುತ್ತಿದ್ದೆ.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಸಾವಿತ್ರಿಯನ್ನು ಕರೆಸಿ ಅವಳ ಬಾಯಿಂದಲೂ ಹೇಳಿಸಿದೆ. ಅತ್ತೆ ನಂಬಿದಳು. ಕೈ ಚಾಚಿ ಮತ್ತೆ ಗೋಡೆ ಹಿಡಿದಳು. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಕೇಳಿದಳು: “ಹಂಗಾದ್ರ ತತ್ತಿ ಇಲ್ಲದ ಮಾಡ್ಲಿಕ್ಕೆ ನಿನಗ ಬರ್ತದ.”

“ಬರ್ತದ ಅತ್ತಿ.”

“ಸಭಾಂಗಣದ ಕೆಲಸದಾಗ ಗೊತ್ತಿತ್ತು?”

“ಗೊತ್ತಿತ್ತು.”

“ಗೊತ್ತಿದ್ದೂ ತತ್ತಿ ಹಾಕಿಸಿದಿ. ಹಾಕಿಸಿ, ಮಂದಿ ಉಣ್ಣಲಿಕ್ಕೆ ಕೂಡೂತನಕಾ ಕಾದಿ.”

ಬೇರೆ ದಾರಿ ಗೊತ್ತಿರಲಿಲ್ಲ ಎಂದು ಊರಿಗೆಲ್ಲ ಹೇಳಬಹುದಿತ್ತು. ಈ ಗೋಡೆಯ ಮೇಲೆ ಆಕೆಯ ಕೈ ಇರಬೇಕಾದರೆ ಆಕೆಗೆ ಹಾಗೆ ಹೇಳುವಂತಿರಲಿಲ್ಲ.

“ಅವ ನಾ ಹಡೆದ ಮಗ, ಸುಳ್ಳ ಹೇಳಿ ಕಳಿಸಿದ. ನೀ ನಾ ಬೆಳೆಸಿದ ಮಗಳು, ಎಲಿ ಮುಂದ ಕೂತವರನ್ನ ಎಬ್ಬಿಸಿದಿ. ಸುಳ್ಳ ಹೇಳಿದವನ ಮನ್ಯಾಗ ಹೆಂಗರ ಎರಡು ತುತ್ತು ಉಣ್ತೀನಿ ಮಂದಾ. ನಿನ್ನ ಕೈಯಾಗಿಂದ ಇನ್ನ ನನಗ ಇಳಿಯಂಗಿಲ್ಲ.”

ಅಂದಿನಿಂದ ಸಾವಿತ್ರಿ ಹಾಲು, ಹಣ್ಣು ತಂದು ಕೊಡುತ್ತಾಳೆ. ನಾನು ಮಾಡಿದ ಅಡಿಗೆ ಹಾಗೇ ಉಳಿಯುತ್ತದೆ. ಕಾಲಿಗೆ ಬಿದ್ದೆ, ತಲೆ ಸವರಿದಳು, ಆದರೆ ಉಣ್ಣಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಕೆ ನಿನ್ನ ಹತ್ತಿರ ಬರುತ್ತಿದ್ದಾಳೆ. ಹನುಮಂತರಾಯರ ಸೊಸೆ ನಾಳೆ ನಾಂಪಲ್ಲಿಯಿಂದ ಮುಂಬಯಿ ಗಾಡಿ ಹತ್ತುತ್ತಾಳೆ, ಅವಳ ಜೊತೆ. ಈ ಪತ್ರವನ್ನೂ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಮನೆ ಸಣ್ಣದು, ಹೆಂಡತಿಗೆ ಅಭ್ಯಾಸವಿಲ್ಲ ಎಂದು ಈ ಸಲ ಬರೆಯುವಷ್ಟು ಪುರುಸೊತ್ತು ನಿನಗೆ ಸಿಗುವುದಿಲ್ಲ.

ಇದನ್ನು ಬರೆಯುವಾಗ ಆಕೆ ನನ್ನ ಎದುರಿಗೇ ಕೂತಿದ್ದಾಳೆ. ಹೊಸ ಊರು, ಹೊಸ ಮನೆ, ಯಾವ ಕಡೆ ಏನಿದೆಯೋ ಎಂಬ ಹೆದರಿಕೆ ಹತ್ತಿದೆ. ಅಲ್ಲಿಯೂ ಇಂಥದ್ದೇ ಗೋಡೆ ಮಾಡಿಸಿಕೊಡಲಿ, ಹದವನ್ನು ಪ್ರಹ್ಲಾದನಿಗೆ ಬರೆದು ಕೊಡು ಎಂದು ಬೆಳಿಗ್ಗೆಯಿಂದ ಕೇಳುತ್ತಿದ್ದಾಳೆ. ನಾನು ಅದನ್ನೇ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾಳೆ. ಈಗಷ್ಟೇ, “ಎಲ್ಲಾ ಬರದಿ? ಏನೂ ಬಿಟ್ಟಿಲ್ಲಲಾ?” ಎಂದಳು. “ಎಲ್ಲಾ ಬರದೀನಿ ಅತ್ತಿ” ಎಂದೆ.

ಬರೆದಿಲ್ಲ, ಬರೆಯುವುದೂ ಇಲ್ಲ. ಸಾವಿತ್ರಿಯೂ ನಿನಗೆ ಬಾಯಿ ಬಿಡುವುದಿಲ್ಲ. ಹದ ಬೇಕಿದ್ದರೆ ಹೈದರಾಬಾದಿಗೆ ಬಾ. ಕೆತ್ತಿದ ಆ ಗೋಡೆಯ ಮುಂದೆ, ಅದೇ ಮಂದಿಯನ್ನು ಸೇರಿಸಿ, ಇದು ಮಂದಾಕಿನಿಯ ಗೋಡೆ, ನಾನು ಕದ್ದೆ ಎಂದು ನಿನ್ನ ಬಾಯಿಂದ ಹೇಳು. ಅದೇ ದಿನ ಬರೆದು ಕೈಗೆ ಕೊಡುತ್ತೇನೆ. ಅಲ್ಲಿಯವರೆಗೆ ನಿನ್ನ ತಾಯಿಯನ್ನು ನೀನೇ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗು.

ಮಂದಾಕಿನಿ